ಕವಲೊಡೆದ ಕತೆಗಳು: ಈ ಮಳೆಗಾಲಕ್ಕೆ ಯಾವ ಸೂಪರ್‌ಹೀರೋ ಕಾಮಿಕ್ಸ್?

ಕಳೆದ ತಿಂಗಳು ಒಂದೇ ವಾರದಲ್ಲಿ ಮೂರು ಜನ ನನ್ನ ಹತ್ತಿರ ಒಂದೇ ಪ್ರಶ್ನೆ ಕೇಳಿದರು. ಮೊದಲು ಫೋನ್ ಮಾಡಿದ್ದು ಗೋಣಿಕೊಪ್ಪದಲ್ಲಿರುವ ಅಕ್ಕನ ಮಗಳು. ಈಗ ಮೊದಲ ಪಿಯುಸಿ ಓದುತ್ತಿದ್ದಾಳೆ. "ಮಾವ, ಅಜ್ಜಿ ಹುಟ್ಟುಹಬ್ಬಕ್ಕೆ ದುಡ್ಡು ಕೊಟ್ಟಿದ್ದಾರೆ. ಒಂದು ಪುಸ್ತಕಕ್ಕೆ ಸಾಕು, ಎರಡಕ್ಕೆ ಸಾಲದು. ಕತೆ ಬೇರೆ ದಾರಿ ಹಿಡಿಯೋ ಕಾಮಿಕ್ಸ್ ಇರ್ತಾವಲ್ಲ, ಅದರಲ್ಲಿ ಯಾವುದು ತಗೊಳ್ಳಲಿ?" ಎಂದಳು. ಎರಡು ದಿನ ಬಿಟ್ಟು ಸೋಮವಾರಪೇಟೆಯ ಪರಿಚಯದವರೊಬ್ಬರು ಸಿಕ್ಕರು. ಅವರ ಮಗನಿಗೆ ಹತ್ತು ವರ್ಷ. ಸ್ಪೈಡರ್‌ಮ್ಯಾನ್ ಸಿನಿಮಾ ನೋಡಿ ನೋಡಿ ಈಗ ಪುಸ್ತಕವೇ ಬೇಕು ಅಂತ ಹಟ ಹಿಡಿದಿದ್ದಾನೆ. ಮೂರನೆಯವನು ಕುಶಾಲನಗರದ ನನ್ನ ಗೆಳೆಯ. ತೊಂಬತ್ತರ ದಶಕದ ಎಕ್ಸ್‌ಮೆನ್ ಕಾರ್ಟೂನ್ ನೋಡಿಕೊಂಡು ಬೆಳೆದವನು. ಈಗ ಕೈಯಲ್ಲಿ ಸ್ವಲ್ಪ ದುಡ್ಡಿದೆ, ಒಂದು ದೊಡ್ಡ ಕತೆ ಪೂರ್ತಿ ಓದಬೇಕು ಅಂತ ಅವನ ಆಸೆ.

ಮೂವರಿಗೂ ನಾನು ಬೇರೆ ಬೇರೆ ಪುಸ್ತಕ ಹೇಳಿದೆ. ಯಾಕೆ ಹಾಗೆ ಹೇಳಿದೆ ಅನ್ನೋದನ್ನು ಬರೆದಿಟ್ಟರೆ ಇನ್ನಷ್ಟು ಜನರಿಗೆ ಉಪಯೋಗ ಆಗಬಹುದು ಅನಿಸಿತು. ಇಪ್ಪತ್ತು ವರ್ಷದಿಂದ ಈ ಕತೆಗಳನ್ನು ಪ್ರೀತಿಯಿಂದ ಓದುತ್ತಾ ಬಂದಿದ್ದೇನೆ. ಮಡಿಕೇರಿಯ ನಮ್ಮ ಮನೆಯ ಜಗಲಿಯ ಕಪಾಟಿನಿಂದ ಅಕ್ಕಪಕ್ಕದ ಮಕ್ಕಳಿಗೆ ಓದೋಕೆ ಕೊಡುತ್ತೇನೆ. ಯಾವ ಪುಸ್ತಕ ಅರ್ಧಕ್ಕೇ ವಾಪಸ್ ಬರುತ್ತದೆ, ಯಾವುದು ವಾಪಸ್ಸೇ ಬರೋದಿಲ್ಲ ಅಂತ ಚೆನ್ನಾಗಿ ಗೊತ್ತಾಗಿದೆ.

ಕವಲು ಅಂದರೇನು ಅಂತ ನಮ್ಮ ಕಡೆಯವರಿಗೆ ಜಾಸ್ತಿ ವಿವರಿಸಬೇಕಾಗಿಲ್ಲ. ನಮ್ಮಪ್ಪ ಪ್ರತಿದಿನ ಬೆಳಿಗ್ಗೆ ಅಂಗಳದ ಮಳೆಮಾಪಕ ನೋಡಿ ಎಷ್ಟು ಇಂಚು ಅಂತ ಒಂದು ನೋಟ್ ಪುಸ್ತಕದಲ್ಲಿ ಬರೆಯುತ್ತಿದ್ದರು. ಮಾರ್ಚ್‌ನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಸರಿಯಾಗಿ ಒಂದಿಂಚು ಬಿದ್ದರೆ ಆ ವರ್ಷದ ಕತೆಯೇ ಬೇರೆ. ನಾಲ್ಕು ಹನಿ ಉದುರಿಸಿ ಮೋಡ ಹೋಗಿಬಿಟ್ಟರೆ ಸಾಲ, ಮದುವೆ, ಮಕ್ಕಳ ಫೀಸು ಎಲ್ಲದರ ಲೆಕ್ಕವೂ ತಿರುಗಿಬೀಳುತ್ತದೆ. ಹಳೆಯ ಪುಟಗಳನ್ನು ತಿರುವಿ ಹಾಕುತ್ತಾ, "ಆ ವರ್ಷ ಆ ಮಳೆ ಬಂದಿದ್ದರೆ..." ಅಂತ ಅಪ್ಪ ಮಾತು ನಿಲ್ಲಿಸುತ್ತಿದ್ದರು. ಆ "ಬಂದಿದ್ದರೆ" ಅನ್ನೋದನ್ನು ಹಿಡಿದುಕೊಂಡು ಕೊನೆಯವರೆಗೂ ಹೋಗಿ ನೋಡುವ ಕತೆಗಳು ಇವು.

ಆರಿಸುವ ಮೊದಲು ಏನು ನೋಡಬೇಕು?

ನಾನು ನಾಲ್ಕು ವಿಷಯ ನೋಡುತ್ತೇನೆ. ಎಲ್ಲಕ್ಕಿಂತ ಮುಖ್ಯವಾದದ್ದು, ಮೂಲ ಕತೆ ಎಷ್ಟು ಗೊತ್ತಿರಬೇಕು ಅನ್ನೋದು. ಬದಲಾದ ದಾರಿ ನೋಡಿ ಮನಸ್ಸಿಗೆ ತಟ್ಟಬೇಕಾದರೆ ಮೊದಲಿನ ದಾರಿ ತಿಳಿದಿರಬೇಕು. ಸೂಪರ್‌ಮ್ಯಾನ್ ಯಾರು ಅಂತ ಎಲ್ಲರಿಗೂ ಗೊತ್ತು. ಬಿಷಪ್ ಯಾರು ಅಂತ ಎಕ್ಸ್‌ಮೆನ್ ಓದಿದವರಿಗೆ ಮಾತ್ರ ಗೊತ್ತು. ಹೊಸಬರು ಎಡವೋದು ಇಲ್ಲೇ.

ಎರಡನೆಯದು, ಕವಲು ಒಡೆದ ಮೇಲೆ ಕತೆ ಅದರ ಬೆಲೆ ಕಟ್ಟುತ್ತದೆಯೇ? ಸುಮ್ನೆ ವೇಷ ಬದಲಿಸಿ, ಎಲ್ಲರನ್ನೂ ಕೆಟ್ಟವರನ್ನಾಗಿ ಮಾಡಿ ಮುಗಿಸುವ ಕತೆಗಳು ಬೇಕಾದಷ್ಟಿವೆ. ಒಂದು ನಿರ್ಧಾರ ಬದಲಾದರೆ ಯಾರಿಗೆ ಏನು ಸಿಕ್ಕಿತು, ಯಾರು ಏನು ಕಳೆದುಕೊಂಡರು ಅಂತ ಲೆಕ್ಕ ಒಪ್ಪಿಸುವ ಕತೆಯನ್ನೇ ನಾನು ದುಡ್ಡು ಕೊಟ್ಟು ತಗೊಳ್ಳೋದು.

ಮೂರನೆಯದು ಉದ್ದ. ಬೆಲೆ ಬದಲಾಗುತ್ತಲೇ ಇರುತ್ತದೆ, ಹಾಗಾಗಿ ನಾನು ರೂಪಾಯಿ ಲೆಕ್ಕ ಬರೆಯುವುದಿಲ್ಲ. ಎಷ್ಟು ಸಂಚಿಕೆ ಸೇರಿದರೆ ಕತೆ ಮುಗಿಯುತ್ತದೆ ಅಂತ ಹೇಳುತ್ತೇನೆ. ಐದಾರು ಸಂಚಿಕೆ ಅಂದರೆ ಒಂದು ತೆಳು ಪುಸ್ತಕ. ಮೂವತ್ತು ದಾಟಿದರೆ ಇಟ್ಟಿಗೆ ಗಾತ್ರದ ಪುಸ್ತಕ, ಬೆಲೆಯೂ ಹಾಗೇ.

ನಾಲ್ಕನೆಯದು ಭಾಷೆ ಮತ್ತು ವಯಸ್ಸು. ಈ ಪುಸ್ತಕಗಳೆಲ್ಲ ಇಂಗ್ಲಿಷಿನಲ್ಲಿವೆ. ಕನ್ನಡ ಮಾಧ್ಯಮದ ಮಗುವಿನ ಕೈಗೆ ಒಂದೊಂದು ಚೌಕಟ್ಟಿನಲ್ಲೂ ಪ್ಯಾರಾಗಟ್ಟಲೆ ಮಾತು ತುಂಬಿದ ಪುಸ್ತಕ ಕೊಟ್ಟರೆ ಅದು ಓದಿನ ಮೇಲೇ ಬೇಸರ ತರಿಸುತ್ತದೆ. ಚಿತ್ರವೇ ಕತೆ ಹೇಳುವ ಪುಸ್ತಕ ಕೊಡಿ, ಗೊತ್ತಿಲ್ಲದ ಪದ ಬಂದರೂ ಮಗು ದಾಟಿಕೊಂಡು ಹೋಗುತ್ತದೆ.

ಏನೂ ಗೊತ್ತಿಲ್ಲದವರಿಗೆ: ರೆಡ್ ಸನ್

ಒಂದೇ ಪುಸ್ತಕ ಹೇಳಿ ಅಂದರೆ ನನ್ನ ಬಾಯಿಗೆ ಮೊದಲು ಬರೋದು 'ಸೂಪರ್‌ಮ್ಯಾನ್: ರೆಡ್ ಸನ್'. 2003ರಲ್ಲಿ ಡಿಸಿ ಪ್ರಕಟಿಸಿದ್ದು. ಬರೆದವರು ಮಾರ್ಕ್ ಮಿಲ್ಲರ್. ಮೂರೇ ಸಂಚಿಕೆ. ಮಗುವಾಗಿದ್ದ ಸೂಪರ್‌ಮ್ಯಾನ್ ಇದ್ದ ರಾಕೆಟ್ ಅಮೆರಿಕದ ಕ್ಯಾನ್ಸಸ್‌ನ ಹೊಲಕ್ಕೆ ಬೀಳುವ ಬದಲು ಸೋವಿಯತ್ ಉಕ್ರೇನಿನ ಸಾಮೂಹಿಕ ಜಮೀನಿಗೆ ಬೀಳುತ್ತದೆ. ಭೂಮಿ ಅಷ್ಟು ಹೊತ್ತಿನಲ್ಲಿ ಎಷ್ಟು ತಿರುಗಿತ್ತು ಅನ್ನೋದಷ್ಟೇ ವ್ಯತ್ಯಾಸ. ಎದೆಯ ಮೇಲೆ ಸುತ್ತಿಗೆ ಕುಡುಗೋಲು. ಅವನನ್ನು ತಡೆಯೋಕೆ ಅಮೆರಿಕ ನಂಬಿಕೊಂಡಿರೋದು ಲೆಕ್ಸ್ ಲೂಥರ್ ಎಂಬ ವಿಜ್ಞಾನಿಯನ್ನು. ಮೂಲ ಕತೆಯಲ್ಲಿ ಸೂಪರ್‌ಮ್ಯಾನ್‌ನ ಪ್ರೇಯಸಿಯಾದ ಲೋಯಿಸ್ ಇಲ್ಲಿ ಲೂಥರ್‌ನ ಹೆಂಡತಿ. ಇಷ್ಟು ಹೇಳಿದರೆ ಸಾಕು, ಮೂಲ ಕತೆ ಅರೆಬರೆ ಗೊತ್ತಿದ್ದವರಿಗೂ ಏನು ತಿರುಗುಮುರುಗಾಗಿದೆ ಅಂತ ಕಾಣುತ್ತದೆ.

ಈ ಪುಸ್ತಕ ನನಗೆ ಇಷ್ಟವಾಗೋದು ಅದರೊಳಗಿನ ಒಂದು ಬಾಟಲಿಗಾಗಿ. ಬ್ರೇನಿಯಾಕ್ ಎಂಬ ಅನ್ಯಗ್ರಹದ ಯಂತ್ರ ಸ್ಟಾಲಿನ್‌ಗ್ರಾಡ್ ನಗರವನ್ನು ಕುಗ್ಗಿಸಿ ಬಾಟಲಿಯೊಳಗೆ ಇಟ್ಟಿರುತ್ತದೆ. ಜಗತ್ತಿನ ಎಲ್ಲ ಸಮಸ್ಯೆಯನ್ನೂ ಸರಿಮಾಡುವ ಸೂಪರ್‌ಮ್ಯಾನ್‌ಗೆ ಆ ಒಂದು ಊರನ್ನು ಮೊದಲಿನ ಗಾತ್ರಕ್ಕೆ ತರೋಕೆ ಆಗೋದಿಲ್ಲ. ಅದನ್ನು ತನ್ನ ಹತ್ತಿರವೇ ಇಟ್ಟುಕೊಂಡಿರುತ್ತಾನೆ. ಕೊನೆಗೆ ಲೂಥರ್ ಬರೆದ ಒಂದೇ ಸಾಲಿನ ಚೀಟಿ ಅವನ ಕೈಗೆ ಸಿಗುತ್ತದೆ. ಆ ಸಾಲು ಏನು ಅಂತ ಹೇಳುವುದಿಲ್ಲ, ಓದಿಯೇ ತಿಳಿಯಬೇಕು. ಆದರೆ ಆ ಬಾಟಲಿಯನ್ನು ಅಷ್ಟು ಪುಟ ಯಾಕೆ ತೋರಿಸಿದರು ಅಂತ ಆಗ ಅರ್ಥವಾಗುತ್ತದೆ. ಒಳ್ಳೆಯವನೇ ಆದವನು, ಒಳ್ಳೆಯದನ್ನೇ ಮಾಡುತ್ತಾ ಹೋಗಿ, ಎಲ್ಲಿ ತಪ್ಪಿದ ಅನ್ನೋ ಪ್ರಶ್ನೆಗೆ ಇಷ್ಟು ನೇರವಾದ ಉತ್ತರ ಬೇರೆ ಕಡೆ ನಾನು ಓದಿಲ್ಲ.

ಕೊರತೆ ಇಲ್ಲದೇ ಇಲ್ಲ. ಶೀತಲ ಸಮರದ ಬಗ್ಗೆ ಸ್ವಲ್ಪ ತಿಳಿದಿರಬೇಕು. ಹತ್ತನೇ ಕ್ಲಾಸಿನ ಸಮಾಜ ವಿಜ್ಞಾನ ಓದಿದ್ದರೆ ಸಾಕು. ಹತ್ತು ವರ್ಷದ ಹುಡುಗನಿಗೆ ಇದು ಹಿಡಿಸೋದಿಲ್ಲ, ನಾನೇ ಕೊಟ್ಟು ನೋಡಿದ್ದೇನೆ. ಮೂರನೇ ದಿನಕ್ಕೆ ವಾಪಸ್ ಬಂತು.

ರಾಕೆಟ್ ಬೇರೆ ಊರಿಗೆ ಬಿದ್ದ ಹಾಗೆ ಜೇಡ ಬೇರೆ ಊರಲ್ಲಿ ಕಚ್ಚಿದ್ದರೆ? ಅದು 2004ರ 'ಸ್ಪೈಡರ್‌ಮ್ಯಾನ್: ಇಂಡಿಯಾ'. ನಾಲ್ಕು ಸಂಚಿಕೆ, ಜೀವನ್ ಕಾಂಗ್ ಅವರ ಚಿತ್ರ. ಇಲ್ಲಿ ಜೇಡ ಕಚ್ಚೋದೂ ಇಲ್ಲ, ಮುಂಬೈಯ ಪವಿತ್ರ ಪ್ರಭಾಕರ್ ಎಂಬ ಹುಡುಗನಿಗೆ ಒಬ್ಬ ಯೋಗಿ ಶಕ್ತಿ ಕೊಡುತ್ತಾನೆ. ಪಂಚೆ ಉಟ್ಟ ಸ್ಪೈಡರ್‌ಮ್ಯಾನ್ ನೋಡಿದರೆ ಮಕ್ಕಳ ಮುಖ ಅರಳುತ್ತದೆ. ಆದರೆ ಕತೆ ಮೂಲದ ಹೆಜ್ಜೆಯಲ್ಲೇ ಹೆಜ್ಜೆ ಇಡುತ್ತದೆ. ಮೂಲದಲ್ಲಿ ಸ್ಪೈಡರ್‌ಮ್ಯಾನ್‌ನನ್ನು ಸಾಕಿದ ಬೆನ್ ಅಂಕಲ್ ಇದ್ದ ಕಡೆ ಭೀಮ್ ಅಂಕಲ್ ಇದ್ದಾರೆ, ಅಷ್ಟೇ. ಊರು ಬದಲಾದರೂ ಆಯ್ಕೆ ಬದಲಾಗಲಿಲ್ಲ. ಕಡಿಮೆ ಬೆಲೆಗೆ ಸಿಕ್ಕರೆ ಚಿಕ್ಕವರಿಗೆ ತೆಗೆದುಕೊಡಿ. ಇರೋ ಒಂದೇ ಪುಸ್ತಕದ ದುಡ್ಡು ಇದಕ್ಕೆ ಹಾಕಬೇಡಿ.

ಚಿಲ್ಲರೆ ಕತೆಗಳಾದರೂ ಬಲವಾದವು: ವಾಟ್ ಇಫ್

ಈ ಬಗೆಯ ಕತೆಗಳಿಗೆ ಒಂದು ಮನೆ ಕಟ್ಟಿಕೊಟ್ಟಿದ್ದು ಡಿಸಿಯ ಎದುರಾಳಿ ಪ್ರಕಾಶನ ಮಾರ್ವೆಲ್‌ನ 'ವಾಟ್ ಇಫ್'. ಅದಕ್ಕೂ ಮೊದಲು ಡಿಸಿಯವರು "ಕಾಲ್ಪನಿಕ ಕತೆ" ಅಂತ ಹಣೆಪಟ್ಟಿ ಹಚ್ಚಿ ಇಂಥವನ್ನು ಬರೆಯುತ್ತಿದ್ದರು. 1961ರಲ್ಲಿ ಸೂಪರ್‌ಮ್ಯಾನ್ ಸತ್ತೇ ಹೋಗುವ ಒಂದು ಕತೆ ಬಂದಿತ್ತು. ಮಾರ್ವೆಲ್ ಸರಣಿ ಶುರುವಾಗಿದ್ದು 1977ರಲ್ಲಿ. ಮೊದಲ ಸರಣಿ 1984ರ ತನಕ 47 ಸಂಚಿಕೆ ನಡೆಯಿತು. ಚಂದ್ರನ ಮೇಲೆ ಕೂತು ಭೂಮಿಯನ್ನು ನೋಡುತ್ತಿರುವ ವಾಚರ್ ಎಂಬವನು ಪ್ರತಿ ಕತೆಯನ್ನೂ ನಮಗೆ ಹೇಳುತ್ತಾನೆ. ಮೊದಲು ನಿಜವಾಗಿ ನಡೆದದ್ದನ್ನು ನೆನಪಿಸಿ, ಆಮೇಲೆ "ಹೀಗಾಗಿದ್ದರೆ" ಅಂತ ಹೊಸ ದಾರಿಗೆ ಕರೆದುಕೊಂಡು ಹೋಗುತ್ತಾನೆ. ಹೊಸಬರಿಗೆ ಇದೇ ದೊಡ್ಡ ಅನುಕೂಲ.

ಮೊದಲ ಸಂಚಿಕೆಯನ್ನೇ ನೋಡಿ. 1963ರ ಮೂಲ ಕತೆಯಲ್ಲಿ ಸ್ಪೈಡರ್‌ಮ್ಯಾನ್ ಫೆಂಟಾಸ್ಟಿಕ್ ಫೋರ್ ಎಂಬ ನಾಲ್ವರು ಸೂಪರ್‌ಹೀರೋಗಳ ತಂಡ ಸೇರೋಕೆ ಹೋಗುತ್ತಾನೆ. ಅಲ್ಲಿ ಸಂಬಳ ಇಲ್ಲ ಅಂತ ಗೊತ್ತಾದಾಗ ವಾಪಸ್ ಬರುತ್ತಾನೆ. ಮನೆಯಲ್ಲಿ ಚಿಕ್ಕಮ್ಮ ಒಬ್ಬರೇ, ದುಡ್ಡಿನ ಅಡಚಣೆ. ಹೊಸ ಕತೆಯಲ್ಲಿ ಅವನು ತಂಡ ಸೇರುತ್ತಾನೆ. ಐದು ಜನ ಆಗುತ್ತಾರೆ. ಎಲ್ಲಾ ಚೆನ್ನಾಗಿದೆ ಅನ್ನುವಷ್ಟರಲ್ಲಿ ತಂಡದ ಸೂ ಸ್ಟಾರ್ಮ್‌ಗೆ ತಾನು ಇಲ್ಲಿ ಬೇಡದವಳಾದೆ ಅನ್ನೋ ಭಾವನೆ ಬರತೊಡಗುತ್ತದೆ. ಕೊನೆಗೆ ಅವಳು ಸಮುದ್ರದ ರಾಜ ನೇಮೋರ್ ಜೊತೆ ಹೋಗಿಬಿಡುತ್ತಾಳೆ. ಒಬ್ಬ ಹುಡುಗನಿಗೆ ಮನೆ ಸಿಕ್ಕಿತು, ಅದೇ ಮನೆಯಿಂದ ಒಬ್ಬಳು ಹೊರಗೆ ಹೋದಳು. ಯಾರದ್ದೂ ತಪ್ಪಿಲ್ಲ. ಬೆಲೆ ಕಟ್ಟೋದು ಅಂತ ಆಗಲೇ ಹೇಳಿದ್ದು ಇದನ್ನೇ.

ಎಲ್ಲಾ ಸಂಚಿಕೆಯೂ ಇಷ್ಟು ಚೆನ್ನಾಗಿಲ್ಲ, ಕೆಲವು ತೀರಾ ಸಪ್ಪೆ. ಆದರೆ ಪ್ರತಿಯೊಂದೂ ಬಿಡಿ ಕತೆ. ಬೆಂಗಳೂರಿನ ಚರ್ಚ್ ಸ್ಟ್ರೀಟ್ ಕಡೆಯ ಹಳೇ ಪುಸ್ತಕದ ಅಂಗಡಿಗಳಲ್ಲಿ ಬಿಡಿ ಸಂಚಿಕೆ ಸಿಕ್ಕರೆ ಕಣ್ಣು ಮುಚ್ಚಿ ತಗೊಳ್ಳಿ. ಮುಂದಿನ ಭಾಗ ಎಲ್ಲಿ ಅಂತ ಹುಡುಕುವ ಕಷ್ಟ ಇಲ್ಲ. ಕಡಿಮೆ ದುಡ್ಡಿನವರಿಗೆ, ಈ ರುಚಿ ನನಗೆ ಹಿಡಿಸುತ್ತದಾ ಅಂತ ನೋಡಬೇಕಾದವರಿಗೆ ಇದೇ ಸರಿ.

ಎಕ್ಸ್‌ಮೆನ್ ದಾರಿ: ಎರಡು ಸಂಚಿಕೆಯೋ, ಮೂವತ್ತನಾಲ್ಕೋ?

ಕುಶಾಲನಗರದ ಗೆಳೆಯನ ಗೊಂದಲ ಇದೇ ಆಗಿತ್ತು. 'ಡೇಸ್ ಆಫ್ ಫ್ಯೂಚರ್ ಪಾಸ್ಟ್' 1981ರಲ್ಲಿ ಎರಡೇ ಸಂಚಿಕೆಯಲ್ಲಿ ಬಂದ ಕತೆ. ಕ್ರಿಸ್ ಕ್ಲೇರ್‌ಮಾಂಟ್ ಮತ್ತು ಜಾನ್ ಬರ್ನ್ ಸೇರಿ ಕಟ್ಟಿದ್ದು. 2013ನೇ ಇಸವಿ, ಹುಟ್ಟಿನಿಂದಲೇ ವಿಶೇಷ ಶಕ್ತಿ ಇರುವ ಮ್ಯೂಟೆಂಟ್‌ಗಳು (ಎಕ್ಸ್‌ಮೆನ್ ಅಂಥವರ ತಂಡ) ಬಹುಪಾಲು ಸತ್ತಿದ್ದಾರೆ, ಉಳಿದವರು ಕ್ಯಾಂಪುಗಳಲ್ಲಿದ್ದಾರೆ. ತಂಡದ ನಡುವಯಸ್ಸಿನ ಕೇಟ್ ಪ್ರೈಡ್‌ಳ ಮನಸ್ಸನ್ನು ಮಾತ್ರ 1980ಕ್ಕೆ, ಅವಳದೇ ಎಳೆಯ ದೇಹಕ್ಕೆ ಕಳಿಸುತ್ತಾರೆ. ಒಬ್ಬ ಸೆನೆಟರ್‌ನ ಕೊಲೆಯನ್ನು ತಡೆದರೆ ಎಲ್ಲವೂ ಬದಲಾಗಬಹುದು ಅನ್ನೋದು ಅವರ ಆಸೆ. ಇದೇ ಹೆಸರಿನ ಸಿನಿಮಾದಲ್ಲಿ ತಂಡದ ಇನ್ನೊಬ್ಬ ನಾಯಕ ವುಲ್ವರಿನ್‌ನನ್ನು ಕಳಿಸಿದ್ದರು. ಪುಸ್ತಕದಲ್ಲಿ ಅದು ಹದಿಹರೆಯದ ಹುಡುಗಿಯೊಬ್ಬಳ ಹೆಗಲ ಮೇಲೆ ಬಿದ್ದ ಭಾರ. ಅದಕ್ಕೇ ಪುಸ್ತಕ ನನಗೆ ಹೆಚ್ಚು ಹತ್ತಿರ.

ಮೊದಲ ಭಾಗದ ಮುಖಪುಟ ಎಷ್ಟು ಸಲ ನೋಡಿದರೂ ಸಾಲದು. ಗೋಡೆಗೆ ಒಂದು ಪೋಸ್ಟರ್ ಅಂಟಿಸಿದ್ದಾರೆ. ಅದರಲ್ಲಿ ನಮಗೆ ಗೊತ್ತಿರುವ ಮುಖಗಳೇ. ಒಂದೊಂದು ಮುಖಕ್ಕೂ "ಕೊಲ್ಲಲಾಗಿದೆ", "ಸೆರೆಸಿಕ್ಕಿದ್ದಾರೆ" ಅಂತ ಪಟ್ಟಿ ಹೊಡೆದಿದೆ. ಅದರ ಮುಂದೆ ವಯಸ್ಸಾದ ವುಲ್ವರಿನ್, ಬೆನ್ನಿಗೆ ಕೇಟ್. ಕತೆ ಶುರುವಾಗುವ ಮೊದಲೇ ಅರ್ಧ ಕತೆ ಹೇಳಿಬಿಟ್ಟಿದ್ದಾರೆ. ಕ್ಲೇರ್‌ಮಾಂಟ್ ಬರಹದಲ್ಲಿ ಮಾತು ಜಾಸ್ತಿ, ಇಂಗ್ಲಿಷ್ ಸ್ವಲ್ಪ ಗಟ್ಟಿ. ಆದರೆ ಎರಡೇ ಸಂಚಿಕೆ ಅಲ್ವಾ, ನಿಧಾನವಾಗಿ ಓದಬಹುದು. ಈ ಹೆಸರಿನ ಪುಸ್ತಕದಲ್ಲಿ ಇದರ ಜೊತೆ ಅಕ್ಕಪಕ್ಕದ ಬೇರೆ ಸಂಚಿಕೆಗಳನ್ನೂ ಸೇರಿಸಿರುತ್ತಾರೆ, ಕೊಳ್ಳುವಾಗ ಒಳಗೇನಿದೆ ಅಂತ ನೋಡಿ.

'ಏಜ್ ಆಫ್ ಅಪೋಕಲಿಪ್ಸ್' ಅದರ ತದ್ವಿರುದ್ಧ. 1995ರಲ್ಲಿ ಮಾರ್ವೆಲ್ ತನ್ನ ಎಕ್ಸ್‌ಮೆನ್ ಪತ್ರಿಕೆಗಳನ್ನೆಲ್ಲ ನಾಲ್ಕು ತಿಂಗಳು ನಿಲ್ಲಿಸಿ, ಅವುಗಳ ಜಾಗದಲ್ಲಿ ಬೇರೆ ಹೆಸರಿನ ಎಂಟು ಸರಣಿ ತಂದಿತು. ತಲಾ ನಾಲ್ಕು ಸಂಚಿಕೆ, ಮೊದಲಿಗೊಂದು, ಕೊನೆಗೊಂದು. ಕವಲು ಹೀಗಿದೆ: ಎಕ್ಸ್‌ಮೆನ್ ತಂಡ ಕಟ್ಟಿದ ಪ್ರೊಫೆಸರ್ ಎಕ್ಸ್‌ನ ಮಗ ಹಿಂದಿನ ಕಾಲಕ್ಕೆ ಹೋಗಿ, ಅಪ್ಪನ ಗೆಳೆಯನಾಗಿದ್ದು ಆಮೇಲೆ ವೈರಿಯಾಗುವ ಮ್ಯಾಗ್ನಿಟೋನನ್ನು ಮುಗಿಸಲು ನೋಡುತ್ತಾನೆ. ಗೆಳೆಯನನ್ನು ಉಳಿಸೋಕೆ ಅಪ್ಪ ಅಡ್ಡ ಬರುತ್ತಾನೆ, ಸಾಯುತ್ತಾನೆ. ಗೆಳೆಯನ ಕನಸನ್ನು ಮ್ಯಾಗ್ನಿಟೋ ತಾನು ಹೊತ್ತುಕೊಳ್ಳುತ್ತಾನೆ, ಎಕ್ಸ್‌ಮೆನ್ ತಂಡವನ್ನು ಅವನೇ ಕಟ್ಟುತ್ತಾನೆ. ವೈರಿಯೊಳಗೆ ಇಷ್ಟು ದೊಡ್ಡ ಮನಸ್ಸಿತ್ತಾ ಅಂತ ಕಣ್ಣು ತುಂಬಿ ಬರುತ್ತದೆ. ಇದು ಮೂಲ ಕತೆ ಗೊತ್ತಿದ್ದವರಿಗೆ ಮಾತ್ರ ಆಗುವ ಅನುಭವ. ಗೊತ್ತಿಲ್ಲದವರಿಗೆ ನೂರು ಹೆಸರು, ನೂರು ಮುಖ, ಅಷ್ಟೇ. ಎಂಟೂ ಸರಣಿ ಒಂದೇ ಮಟ್ಟದಲ್ಲೂ ಇಲ್ಲ.

ಗೆಳೆಯನಿಗೆ ದೊಡ್ಡದನ್ನೇ ಹೇಳಿದೆ. ಅವನಿಗೆ ಪಾತ್ರಗಳು ಪರಿಚಯ, ದುಡ್ಡು ಇದೆ, ತಾಳ್ಮೆಯೂ ಇದೆ. ಈ ಮೂರರಲ್ಲಿ ಒಂದು ಇಲ್ಲದಿದ್ದರೂ ಎರಡು ಸಂಚಿಕೆಯ ಕತೆಯೇ ವಾಸಿ.

ಅಮ್ಮನನ್ನು ಉಳಿಸಿದ ಮಗ, ವಯಸ್ಸಾಗುವ ನಾಯಕ

'ಫ್ಲ್ಯಾಶ್‌ಪಾಯಿಂಟ್' 2011ರದ್ದು, ಐದು ಸಂಚಿಕೆ. ಜೆಫ್ ಜಾನ್ಸ್ ಬರೆದದ್ದು. ಮಿಂಚಿನ ವೇಗದಲ್ಲಿ ಓಡುವ ಫ್ಲ್ಯಾಶ್ ಅಂದರೆ ಬ್ಯಾರಿ ಆಲನ್ ಒಂದು ದಿನ ಕಣ್ಣು ಬಿಟ್ಟರೆ ಸತ್ತುಹೋಗಿದ್ದ ಅಮ್ಮ ಬದುಕಿದ್ದಾಳೆ. ಅವನ ವೇಗ ಇಲ್ಲ. ಹೊರಗೆ ಕಡಲಾಳದ ಅಟ್ಲಾಂಟಿಸ್ ರಾಜ್ಯ ಮತ್ತು ಅಮೆಜಾನ್ ಎಂಬ ಯೋಧ ಹೆಂಗಸರ ಯುದ್ಧದಲ್ಲಿ ಜಗತ್ತು ಮುಳುಗುತ್ತಿದೆ. ಮೂಲ ಕತೆಯಲ್ಲಿ ಬೀದಿಯಲ್ಲಿ ಕೊಲೆಯಾಗೋದು ಬ್ಯಾಟ್‌ಮ್ಯಾನ್‌ನ ಅಪ್ಪ ಅಮ್ಮ. ಇಲ್ಲಿ ಆ ರಾತ್ರಿ ಸತ್ತದ್ದು ಮಗ ಬ್ರೂಸ್, ಹಾಗಾಗಿ ಬ್ಯಾಟ್‌ಮ್ಯಾನ್ ಆಗಿರೋದು ಅಪ್ಪ ಥಾಮಸ್ ವೇಯ್ನ್. ನಡುವಿನ ಯುದ್ಧದ ಪುಟಗಳು ಗಡಿಬಿಡಿಯಲ್ಲಿ ಓಡುತ್ತವೆ. ಪಕ್ಕದ ಕತೆಗಳನ್ನೆಲ್ಲ ಬೇರೆ ಪುಸ್ತಕಗಳಿಗೆ ಹಂಚಿಬಿಟ್ಟಿದ್ದಾರೆ. ಅವನ್ನು ತಗೊಳ್ಳೋ ಅಗತ್ಯವೇ ಇಲ್ಲ, ಐದು ಸಂಚಿಕೆಯ ಪುಸ್ತಕ ಒಂದೇ ಸಾಕು. ಎಲ್ಲಾ ಮುಗಿದ ಮೇಲೆ ಬರುವ ಒಂದು ಕಾಗದಕ್ಕಾಗಿ ಓದಬೇಕು. ಅಪ್ಪ ಬೇರೊಂದು ಲೋಕದಿಂದ ಮಗನಿಗೆ ಬರೆದ ಕಾಗದ. ಬ್ಯಾರಿ ತಂದುಕೊಟ್ಟ ಅದನ್ನು ಓದಿ ಬ್ಯಾಟ್‌ಮ್ಯಾನ್ ಅಳುತ್ತಾನೆ. ನಮ್ಮ ಪಕ್ಕದ ಮನೆಯ ಹುಡುಗ ಆ ಪುಟ ತೋರಿಸಿ, "ಮಾಮ, ಬ್ಯಾಟ್‌ಮ್ಯಾನ್ ಕೂಡ ಅಳ್ತಾನಾ?" ಅಂತ ಕೇಳಿದ್ದು ಇನ್ನೂ ಕಿವಿಯಲ್ಲಿದೆ.

ಒಂದು ಮಾತು ಇಲ್ಲಿ ಹೇಳಲೇಬೇಕು. 2018ರ ಆಗಸ್ಟ್‌ನಲ್ಲಿ ನಮ್ಮ ಬೆಟ್ಟಗಳು ಜರಿದಾಗ ಮನೆ, ತೋಟ, ಮನೆಯವರನ್ನು ಕಳೆದುಕೊಂಡವರು ನಮ್ಮ ನಡುವೆಯೇ ಇದ್ದಾರೆ. "ಆ ರಾತ್ರಿ ಅಲ್ಲಿಂದ ಹೊರಟಿದ್ದರೆ" ಅನ್ನೋ ಯೋಚನೆ ಅವರಿಗೆ ಆಟವಲ್ಲ. ತೀರಿಹೋದವರನ್ನು ವಾಪಸ್ ತರಲು ಹೋಗಿ ಜಗತ್ತೇ ಹಾಳಾಗುವ ಕತೆಯನ್ನು ಅಂಥ ಮನೆಯ ಮಗುವಿಗೆ ಕೊಡುವ ಮೊದಲು ನೀವು ಒಂದು ಸಲ ಓದಿ. ಕೆಲವು ಮಕ್ಕಳಿಗೆ ಅದು ಸಮಾಧಾನ ಕೊಡಬಹುದು. ಕೆಲವರಿಗೆ ತಾನೇ ಏನೋ ತಪ್ಪು ಮಾಡಿದೆ ಅನ್ನಿಸಬಹುದು. ಪಕ್ಕದಲ್ಲಿ ಕೂತು ಓದಿ, ಅಷ್ಟು ಮಾಡಿ.

ನನ್ನ ಮೆಚ್ಚಿನದಕ್ಕೆ ಈಗ ಬಂದೆ. 2019ರ 'ಸ್ಪೈಡರ್‌ಮ್ಯಾನ್: ಲೈಫ್ ಸ್ಟೋರಿ', ಆರು ಸಂಚಿಕೆ, ಚಿಪ್ ಝ್ಡಾರ್ಸ್ಕಿ ಬರಹ, ಮಾರ್ಕ್ ಬ್ಯಾಗ್ಲಿ ಚಿತ್ರ. ಕವಲು ತುಂಬಾ ಸರಳ. ಸ್ಪೈಡರ್‌ಮ್ಯಾನ್ ಮೊದಲು ಅಚ್ಚಾದದ್ದು 1962ರಲ್ಲಿ. ಅವನಿಗೂ ನಮ್ಮ ಹಾಗೆ ವರ್ಷಕ್ಕೆ ಒಂದು ವರ್ಷ ವಯಸ್ಸಾಗಿದ್ದರೆ? ಒಂದೊಂದು ಸಂಚಿಕೆಗೆ ಒಂದೊಂದು ದಶಕ. ಅರವತ್ತರ ದಶಕದಲ್ಲಿ ಅವನ ಓರಗೆಯ ಹುಡುಗರು ವಿಯೆಟ್ನಾಂ ಯುದ್ಧಕ್ಕೆ ಹೋಗುತ್ತಿದ್ದಾರೆ. ಇಷ್ಟು ಶಕ್ತಿ ಇರುವ ನಾನು ಇಲ್ಲಿ ಕೂತಿರೋದು ಸರಿಯಾ ಅಂತ ಪೀಟರ್ (ಸ್ಪೈಡರ್‌ಮ್ಯಾನ್‌ನ ನಿಜ ಹೆಸರು) ಒದ್ದಾಡುತ್ತಾನೆ. ಕಾರ್ಯಪ್ಪ, ತಿಮ್ಮಯ್ಯ ಹುಟ್ಟಿದ ನಾಡು ನಮ್ಮದು. ಮನೆಗೊಬ್ಬರು ಸೈನ್ಯದಲ್ಲಿದ್ದ ಕುಟುಂಬಗಳು ಎಷ್ಟೋ ಇವೆ. ಹೋದವರ ಮನೆಯವರಿಗೂ, ಹೋಗದೆ ಉಳಿದವರಿಗೂ ಈ ಪುಟಗಳು ಬೇರೆ ಥರ ತಟ್ಟುತ್ತವೆ. ನಮ್ಮ ಚಿಕ್ಕಪ್ಪ ಸುಬೇದಾರರಾಗಿ ನಿವೃತ್ತರಾದವರು. ಕಾಮಿಕ್ಸ್ ಮುಟ್ಟಿದವರಲ್ಲ. ಆ ಒಂದು ಸಂಚಿಕೆ ಓದಿ ಕನ್ನಡಕ ತೆಗೆದು ಸುಮ್ಮನೆ ಕೂತರು.

ಮುಂದಿನ ದಶಕಗಳಲ್ಲಿ ಪೀಟರ್‌ನ ಕೂದಲು ನರೆಯುತ್ತದೆ, ಮೈಕೈ ನೋವು ಶುರುವಾಗುತ್ತದೆ. ಮದುವೆ, ಮಕ್ಕಳು, ಮುರಿದ ಸಂಬಂಧ ಎಲ್ಲವೂ ಬರುತ್ತವೆ. ಬ್ಯಾಗ್ಲಿಯವರ ಚಿತ್ರ ಸ್ವಚ್ಛ, ಯಾರು ಯಾರು ಅಂತ ಗೊಂದಲವೇ ಆಗೋದಿಲ್ಲ. ಸ್ಪೈಡರ್‌ಮ್ಯಾನ್ ಸಿನಿಮಾ ನೋಡಿದ್ದರೆ ಅರ್ಧ ತಯಾರಿ ಆದ ಹಾಗೆ. ಹಳೆಯ ಸಂಚಿಕೆಗಳನ್ನು ಓದಿದವರಿಗೆ ಇನ್ನೂ ಎರಡು ಪದರ ಜಾಸ್ತಿ ಕಾಣುತ್ತದೆ. ಹದಿನಾಲ್ಕು ದಾಟಿದವರಿಗೆ ಧೈರ್ಯವಾಗಿ ಕೊಡಬಹುದು.

ಇದೇ ಸಾಲಿನಲ್ಲಿ ಇನ್ನೆರಡು ಹೆಸರು. 2014ರಲ್ಲಿ ಬಂದ ಸ್ಪೈಡರ್-ಗ್ವೆನ್ ಕತೆಯಲ್ಲಿ ಜೇಡ ಪೀಟರ್‌ನ ಬದಲು ಅವನ ಪ್ರೇಯಸಿ ಗ್ವೆನ್ ಸ್ಟೇಸಿಯನ್ನು ಕಚ್ಚುತ್ತದೆ. 1973ರ ಮೂಲ ಕತೆಯಲ್ಲಿ ಸೇತುವೆಯಿಂದ ಬಿದ್ದು ಸತ್ತ ಹುಡುಗಿ ಇವಳು. ಇಲ್ಲಿ ಅವಳು ಬದುಕಿದ್ದಾಳೆ, ಬ್ಯಾಂಡ್‌ನಲ್ಲಿ ಡ್ರಮ್ಸ್ ಬಾರಿಸುತ್ತಾಳೆ. ಅವಳ ಹಾಗಾಗಬೇಕು ಅಂತ ಹೊರಟ ಪೀಟರ್ ಸತ್ತ ನೋವನ್ನು ಹೊತ್ತುಕೊಂಡಿದ್ದಾಳೆ. ಬಣ್ಣ ಕಣ್ಣಿಗೆ ಹಬ್ಬ. ಇನ್ನೊಂದು, 2024ರ ಜನವರಿಯಲ್ಲಿ ಶುರುವಾದ 'ಅಲ್ಟಿಮೇಟ್ ಸ್ಪೈಡರ್‌ಮ್ಯಾನ್', ಜೊನಾಥನ್ ಹಿಕ್‌ಮನ್ ಬರಹ. ಹದಿಹರೆಯದಲ್ಲಿ ಕಚ್ಚಬೇಕಿದ್ದ ಜೇಡ ಕಚ್ಚಲೇ ಇಲ್ಲ. ಪೀಟರ್‌ಗೆ ಮದುವೆಯಾಗಿ ಎರಡು ಮಕ್ಕಳಿದ್ದಾರೆ. ಆಗ ಆ ಅವಕಾಶ ಬಾಗಿಲು ತಟ್ಟುತ್ತದೆ. ಮೂವತ್ತು ದಾಟಿದ ಯಾರಿಗೇ ಆದರೂ ಇದು ಇಷ್ಟವಾಗುತ್ತದೆ. ಆದರೆ ಒಂದೇ ಪುಸ್ತಕಕ್ಕೆ ಮುಗಿಯೋದಿಲ್ಲ, ಸಂಪುಟದ ಮೇಲೆ ಸಂಪುಟ ತಗೊಳ್ಳಬೇಕು. ಒಂದು ಸಲದ ದುಡ್ಡಿರುವವರು ಯೋಚನೆ ಮಾಡಿ.

ಓದುಗರೇ ಆರಿಸುವ ಕತೆಗಳು

ಕವಲನ್ನು ಲೇಖಕರ ಬದಲು ಓದುಗರೇ ಆರಿಸಿದ ಒಂದು ಘಟನೆ ಇದೆ. 1988ರಲ್ಲಿ ಬ್ಯಾಟ್‌ಮ್ಯಾನ್ ಕತೆ 'ಎ ಡೆತ್ ಇನ್ ದ ಫ್ಯಾಮಿಲಿ'ಯ ನಡುವೆ ಡಿಸಿ ಎರಡು ಫೋನ್ ನಂಬರ್ ಕೊಟ್ಟಿತು. ರಾಬಿನ್ ಅಂದರೆ ಬ್ಯಾಟ್‌ಮ್ಯಾನ್‌ನ ಜೊತೆಗಾರ ಹುಡುಗ. ಎರಡನೇ ರಾಬಿನ್ ಜೇಸನ್ ಟಾಡ್ ಬದುಕಬೇಕು ಅನ್ನುವವರಿಗೆ ಒಂದು, ಸಾಯಬೇಕು ಅನ್ನುವವರಿಗೆ ಇನ್ನೊಂದು. ಸಾಯಲಿ ಅಂದವರು 5,343. ಬದುಕಲಿ ಅಂದವರು 5,271. ಕೇವಲ 72 ಕರೆಗಳ ವ್ಯತ್ಯಾಸ. ಜೇಸನ್ ಸತ್ತ. ಅವನು ಬದುಕಿದ್ದ ಪುಟಗಳನ್ನೂ ಆಗಲೇ ಬರೆದಿಟ್ಟಿದ್ದರು. ಅವನು ಬದುಕಿದ್ದರೆ ಮುಂದೇನು ಅನ್ನೋದನ್ನು 2024ರಲ್ಲಿ 'ರಾಬಿನ್ ಲಿವ್ಸ್' ಎಂಬ ನಾಲ್ಕು ಸಂಚಿಕೆಯ ಕತೆಯಾಗಿಯೂ ತಂದರು. ಮೂಲವನ್ನು, ಇದನ್ನು ಒಂದರ ಹಿಂದೆ ಒಂದು ಓದಿದರೆ ಎರಡೂ ದಾರಿಯಲ್ಲಿ ನಡೆದ ಹಾಗಾಗುತ್ತದೆ. ಹಿಂಸೆ ಜಾಸ್ತಿ ಇದೆ, ಚಿಕ್ಕ ಮಕ್ಕಳಿಗೆ ಬೇಡವೇ ಬೇಡ.

ಸೋಮವಾರಪೇಟೆಯ ಹುಡುಗನಿಗೆ ನಾನು ಹೇಳಿದ್ದು ಸೂಪರ್‌ಹೀರೋ ಪುಸ್ತಕವನ್ನೇ ಅಲ್ಲ. ಜೇಸನ್ ಶೀಗಾ ಬರೆದ 'ಮೀನ್‌ವೈಲ್'. 2010ರಲ್ಲಿ ಬಂದದ್ದು. ಜಿಮ್ಮಿ ಎಂಬ ಹುಡುಗ ಐಸ್‌ಕ್ರೀಂ ಅಂಗಡಿಯಲ್ಲಿದ್ದಾನೆ. ವೆನಿಲ್ಲಾನೋ, ಚಾಕೊಲೇಟೋ? ಒಂದೊಂದು ಚೌಕಟ್ಟಿನಿಂದ ಬಣ್ಣದ ಕೊಳವೆಯಂಥ ಗೆರೆ ಹೊರಡುತ್ತದೆ. ಬೆರಳಿಟ್ಟು ಅದರ ಹಿಂದೆಯೇ ಹೋಗಬೇಕು. ಗೆರೆ ಪುಟದ ಅಂಚು ದಾಟಿ ಬೇರೆ ಪುಟಕ್ಕೆ ಹೋಗುತ್ತದೆ. 3,856 ದಾರಿಗಳಿವೆ ಅಂತ ಪುಸ್ತಕವೇ ಹೇಳುತ್ತದೆ. ಮಾತು ಕಡಿಮೆ, ಇಂಗ್ಲಿಷ್ ಸುಲಭ, ಒಂದೇ ಪುಸ್ತಕ ಇಡೀ ಮಳೆಗಾಲಕ್ಕೆ ಬರುತ್ತದೆ. ಸ್ಪೈಡರ್‌ಮ್ಯಾನ್ ಇಲ್ಲ ಅಂತ ಮೊದಲ ದಿನ ಮುಖ ಊದಿಸಿಕೊಂಡ ಹುಡುಗ, ನಾಲ್ಕನೇ ದಿನ ತನ್ನ ದಾರಿಗಳನ್ನು ನೋಟ್ ಪುಸ್ತಕದಲ್ಲಿ ಮರದ ಕೊಂಬೆಗಳ ಹಾಗೆ ಬರೆದಿಟ್ಟಿದ್ದನಂತೆ. ಅವನ ಅಪ್ಪ ಆ ಪುಟದ ಫೋಟೋ ಕಳಿಸಿದ್ದರು. ಗೆರೆಗಳ ನಡುವೆ ಅವನೇ ಸೇರಿಸಿದ ಒಂದು ದಾರಿಯೂ ಇತ್ತು. ದಾಳ ಹಾಕಿ ಆಡುವ ಸೂಪರ್‌ಹೀರೋ ಪುಸ್ತಕವೇ ಬೇಕು ಅಂದರೆ 2018ರ 'ಯು ಆರ್ ಡೆಡ್‌ಪೂಲ್' ಇದೆ, ಐದು ಸಂಚಿಕೆ. ಅದು ದೊಡ್ಡವರಿಗೆ.

ಕಾಗದವೋ, ಫೋನೋ?

ಕೊಡಗಿನಲ್ಲಿ ಈ ಪ್ರಶ್ನೆ ಬೇರೆ ಊರಿನಂತಲ್ಲ. ಹೊಳಪಿನ ಕಾಗದದ ಪುಸ್ತಕಕ್ಕೆ ತೇವ ತಗುಲಿದರೆ ಪುಟಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಬಿಡಿಸಲು ಹೋದರೆ ಬಣ್ಣ ಕಿತ್ತು ಬರುತ್ತದೆ. ಒಂದು ಜುಲೈಯಲ್ಲಿ ನಾನು ತರಿಸಿದ ಪಾರ್ಸೆಲ್ಲನ್ನು ಪೇಟೆಯ ಅಂಗಡಿಯ ಜಗಲಿಯಲ್ಲಿ ಇಳಿಸಿ ಹೋಗಿದ್ದರು. ಮೂರು ದಿನ ಎರಚಲು ಹೊಡೆಯಿತು. ತೆರೆದು ನೋಡಿದಾಗ ಕೊನೆಯ ಇಪ್ಪತ್ತು ಪುಟ ಒಂದೇ ಹಲಗೆ. ಅವತ್ತಿನಿಂದ ಮೇ ಮುಗಿಯೋದರೊಳಗೆ ತರಿಸಿಕೊಳ್ಳುತ್ತೇನೆ. ಇಲ್ಲವೇ ಮೈಸೂರಿಗೆ ಹೋದಾಗ ಕೈಯಲ್ಲೇ ತರುತ್ತೇನೆ, 120 ಕಿಲೋಮೀಟರ್ ದೂರ ಆದರೂ ಪರವಾಗಿಲ್ಲ. ತಂದ ಮೇಲೆ ಜಿಪ್ ಕವರಿಗೆ ಹಾಕಿ, ಸಿಲಿಕಾ ಜೆಲ್ ಪೊಟ್ಟಣ ಇಟ್ಟು, ತಗಡಿನ ಟ್ರಂಕಿನಲ್ಲಿ ಇಡುತ್ತೇನೆ. ಗೋಡೆಗೆ ತಾಗಿದ ಕಪಾಟು ಬೇಡ, ಬೂಸ್ಟು ಹಿಡಿಯೋದು ಮೊದಲು ಅಲ್ಲಿಂದಲೇ.

ಫೋನಿನಲ್ಲಿ ಓದಿದರೆ ತೇವದ ಭಯ ಇಲ್ಲ, ಬೆಲೆಯೂ ಬಹಳ ಸಲ ಕಡಿಮೆ. ಆದರೆ ಕಕ್ಕಡದಲ್ಲಿ, ಅಂದರೆ ಜುಲೈ-ಆಗಸ್ಟ್‌ನ ಜೋರು ಮಳೆಯ ತಿಂಗಳಲ್ಲಿ, ಮರ ಬಿದ್ದು ಎರಡು ಮೂರು ದಿನ ಕರೆಂಟ್ ಹೋದರೆ ಚಾರ್ಜ್ ಇರೋದಿಲ್ಲ, ಸಿಗ್ನಲ್ಲೂ ಇರೋದಿಲ್ಲ. ಕರೆಂಟ್ ಇದ್ದಾಗಲೇ ಇಳಿಸಿಕೊಳ್ಳಿ. ಎರಡು ಪುಟ ಸೇರಿಸಿ ಬರೆದ ದೊಡ್ಡ ಚಿತ್ರಗಳು ಸಣ್ಣ ಪರದೆಯಲ್ಲಿ ಸೊರಗುತ್ತವೆ. 'ವಾಟ್ ಇಫ್', 'ಡೇಸ್ ಆಫ್ ಫ್ಯೂಚರ್ ಪಾಸ್ಟ್' ಥರದ ಹಳೆಯ, ಸಣ್ಣ ಚೌಕಟ್ಟಿನ ಕತೆಗಳು ಫೋನಿಗೆ ಒಗ್ಗುತ್ತವೆ. 'ಮೀನ್‌ವೈಲ್' ಮಾತ್ರ ಕಾಗದದಲ್ಲೇ ಬೇಕು, ಬೆರಳಿಗೆ ಗೆರೆ ಸಿಗಬೇಕಲ್ಲ.

ಅಕ್ಕನ ಮಗಳಿಗೆ ನಾನು 'ರೆಡ್ ಸನ್' ಮತ್ತು 'ಲೈಫ್ ಸ್ಟೋರಿ' ಎರಡು ಹೆಸರು ಹೇಳಿದ್ದೆ. ರಾಜಕೀಯ, ಚರಿತ್ರೆ ಇಷ್ಟವಾದರೆ ಮೊದಲನೆಯದು, ಮನುಷ್ಯರ ಬದುಕು ಬೇಕಾದರೆ ಎರಡನೆಯದು ಅಂದೆ. ಅವಳು ಎರಡನೆಯದನ್ನು ತರಿಸಿಕೊಂಡಳು. ಗೋಣಿಕೊಪ್ಪದಲ್ಲಿ ಮಳೆ ಶುರುವಾಗಿದೆ, ಪುಸ್ತಕ ಅಜ್ಜಿಯ ಟ್ರಂಕಿನಲ್ಲಿ ರೇಷ್ಮೆ ಸೀರೆಗಳ ಪಕ್ಕದಲ್ಲಿದೆ. ಗೆಳೆಯನ ದಪ್ಪ ಪುಸ್ತಕಕ್ಕೆ ನಾನೂ ಅರ್ಧ ದುಡ್ಡು ಹಾಕಿದೆ. ಅದು ಕುಶಾಲನಗರದಲ್ಲೇ ಇರಲಿ ಅಂತ ಮಾತಾಗಿದೆ, ಅಲ್ಲಿ ಮಳೆ ನಮ್ಮಷ್ಟಿಲ್ಲ. ಭಾನುವಾರ ಬೆಳಗಿನ ಬಸ್ಸಿಗೆ ಹೋದರೆ ಮಧ್ಯಾಹ್ನದೊಳಗೆ ಒಂದು ಸರಣಿ ಮುಗಿಯುತ್ತದೆ. ಇನ್ನೂ ಐದು ಬಾಕಿ ಇವೆ.